ಬೆರಳಿಗೆ ಗೊತ್ತು, ಬಾಯಿಗೆ ಗೊತ್ತಿಲ್ಲ

ಟೈಪಿಂಗ್ ಸೀನಿಯರ್ ಪರೀಕ್ಷೆ ಪಾಸು ಮಾಡಿ, ಇಪ್ಪತ್ತು ವರ್ಷ ಕಚೇರಿಯಲ್ಲಿ ಕೀಲಿ ಕುಟ್ಟಿದವರೊಬ್ಬರನ್ನು ತಡೆದು ನಿಲ್ಲಿಸಿ, "ಕೀಲಿಮಣೆಯಲ್ಲಿ ಬಿ ಅಕ್ಷರದ ಎಡಕ್ಕೆ ಯಾವ ಅಕ್ಷರ ಇದೆ ಸಾರ್?" ಎಂದು ಕೇಳಿದರೆ ಒಂದು ತಮಾಷೆ ನೋಡಲು ಸಿಗುತ್ತದೆ. ಉತ್ತರ ಥಟ್ಟನೆ ಬರುವುದಿಲ್ಲ. ಹುಬ್ಬು ಗಂಟಿಕ್ಕುತ್ತಾರೆ. ಆಮೇಲೆ ಎರಡೂ ಕೈ ತಾವಾಗಿಯೇ ಗಾಳಿಯಲ್ಲಿ ಏಳುತ್ತವೆ. ಎಡಗೈ ತೋರುಬೆರಳು ಇಲ್ಲದ ಕೀಲಿಯೊಂದರ ಮೇಲೆ ಇಳಿದು, ಕೊಂಚ ಪಕ್ಕಕ್ಕೆ ಸರಿಯುತ್ತದೆ. "ವಿ" ಎನ್ನುತ್ತಾರೆ ಆಗ. ಹೇಳಿದ್ದು ಬಾಯಿ, ಹೇಳಿಕೊಟ್ಟದ್ದು ಬೆರಳು.

ಇದು ಟೈಪಿಸ್ಟರಿಗೆ ಮಾತ್ರ ಅಂಟಿದ ಮರೆವಲ್ಲ. ಎಟಿಎಂ ಮುಂದೆ ನಿಂತರೆ ಸರಾಗವಾಗಿ ಒತ್ತುವ ನಾಲ್ಕು ಅಂಕೆ, ಮನೆಯಲ್ಲಿ ಕೂತು ಯಾರಾದರೂ ಕೇಳಿದರೆ ನೆನಪಿಗೆ ಬರುವುದಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹೂ ಕಟ್ಟುವಾಕೆ ಗಿರಾಕಿಯ ಮುಖ ನೋಡುತ್ತ ಚೌಕಾಸಿ ಮಾಡುತ್ತಾಳೆ, ಕೈ ತನ್ನ ಪಾಡಿಗೆ ಮಲ್ಲಿಗೆಗೆ ಗಂಟು ಹಾಕುತ್ತಿರುತ್ತದೆ. ಆ ಗಂಟು ಹೇಗೆ ಬೀಳುತ್ತದೆಂದು ವಿವರಿಸಿ ಎಂದರೆ ಆಕೆ ಮಾತು ನಿಲ್ಲಿಸಿ ಕೈ ತೋರಿಸುತ್ತಾಳೆ.

2014ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಕ್ರಿಸ್ಟಿ ಸ್ನೈಡರ್, ಗಾರ್ಡನ್ ಲೋಗನ್ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿದರು. ನಿಮಿಷಕ್ಕೆ ಸರಾಸರಿ 72 ಪದ ಕುಟ್ಟುವವರಿಗೆ ಅಕ್ಷರಗಳಿಲ್ಲದ ಖಾಲಿ ಕೀಲಿಮಣೆಯ ಚಿತ್ರ ಕೊಟ್ಟು, 80 ಸೆಕೆಂಡಿನಲ್ಲಿ ತುಂಬಿ ಎಂದರು. ಕುಟ್ಟುವಾಗ ನೂರಕ್ಕೆ 94ರಷ್ಟು ಸರಿಯಾಗಿ ಕುಟ್ಟುವ ಈ ಜನ ಚಿತ್ರದಲ್ಲಿ ಸರಿಯಾಗಿ ತುಂಬಿದ್ದು 26 ಅಕ್ಷರಗಳಲ್ಲಿ ಸರಾಸರಿ 15 ಮಾತ್ರ.

ಇಲ್ಲಿ ಒಂದು ಒಗಟಿದೆ. ಒಳ್ಳೆಯ ಟೈಪಿಸ್ಟ್ ಕೀಲಿಗಳನ್ನು ನೋಡುವುದಿಲ್ಲ. ಕೀಲಿಮಣೆಯ ಪೂರ್ತಿ ನಕ್ಷೆ ತಲೆಯಲ್ಲೂ ಇಲ್ಲ. ಹಾಗಿದ್ದರೆ ಬೆರಳು ದಾರಿ ಹುಡುಕುವುದು ಯಾವುದರಿಂದ? ಇದನ್ನು ಬಿಡಿಸಿದರೆ ಇನ್ನೊಂದು ಪ್ರಶ್ನೆಯೂ ತಾನಾಗಿ ಸಡಿಲವಾಗುತ್ತದೆ: ಕಣ್ಣು ಕಾಣದವರು, ಅರೆಬರೆ ಕಾಣುವವರು ಟೈಪಿಂಗ್ ಕಲಿಯುವುದು ಹೇಗೆ?

ಈ ಎರಡನೆಯ ಪ್ರಶ್ನೆಗೆ ಒಂದು ಊರು, ಒಂದು ಮುಖ ಇದ್ದರೆ ಒಳ್ಳೆಯದು. ಊರು ಭದ್ರಾವತಿಯ ಕಾಗದನಗರ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ, ಜನರ ಬಾಯಲ್ಲಿ ಎಂಪಿಎಂನ, ನೌಕರರಿಗಾಗಿ ಎದ್ದ ಊರು ಅದು. ಅಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳಿದ್ದಾಳೆ ಎಂದು ಇಟ್ಟುಕೊಳ್ಳಬಹುದು. ಅಜ್ಜ ಎಂಪಿಎಂನಲ್ಲಿ ದುಡಿದವರು. ಅವಳ ಕಣ್ಣಿನ ನೋಟ ವರ್ಷದಿಂದ ವರ್ಷಕ್ಕೆ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಿದೆ. ಕಂಪ್ಯೂಟರ್ ಕಲಿಯುತ್ತೇನೆ ಎಂದಾಗ ಮನೆಯವರು ಕೇಳುವ ಮೊದಲ ಮಾತು ಯಾರಾದರೂ ಊಹಿಸಬಹುದಾದದ್ದೇ: "ಕೀಲಿನೇ ಕಾಣಲ್ಲ, ಹೆಂಗೆ ಹೊಡೀತೀಯಾ ಮಗಾ?"

ನೋಡದವರಿಗೆಂದೇ ಹುಟ್ಟಿದ ಯಂತ್ರ

ಬೆರಳಚ್ಚು ಯಂತ್ರದ ಚರಿತ್ರೆಯನ್ನೇ ಕೇಳಿದರೆ ಈ ಮಾತು ತಿರುವುಮುರುವಾಗುತ್ತದೆ.

1808ರ ಸುಮಾರಿಗೆ ಇಟಲಿಯ ಪೆಲ್ಲೆಗ್ರಿನೋ ತುರ್ರಿ ಎಂಬಾತ ಅಕ್ಷರ ಒತ್ತುವ ಯಂತ್ರವೊಂದನ್ನು ಮಾಡಿದ. ಕಣ್ಣು ಕಳೆದುಕೊಂಡಿದ್ದ ಗೆಳತಿ ಕರೋಲಿನಾ ಫಾಂಟೋನಿ ಇನ್ನೊಬ್ಬರ ಕೈ ಹಿಡಿಯದೆ ತಾನೇ ಕಾಗದ ಬರೆಯಲಿ ಎಂಬುದು ಅವನ ಆಸೆ. ಆ ಯಂತ್ರ ಈಗ ಇಲ್ಲ. ಆಕೆ ಅದರಲ್ಲಿ ಒತ್ತಿದ ಪತ್ರಗಳು ಉಳಿದಿವೆ. ಮಸಿಗಾಗಿ ತುರ್ರಿ ಕಾರ್ಬನ್ ಹಾಳೆಯಂಥದ್ದನ್ನೂ ಮಾಡಿಕೊಂಡಿದ್ದ. 1882ರಲ್ಲಿ, ಕಣ್ಣು ತೀರ ಸೋತಿದ್ದ ಜರ್ಮನಿಯ ತತ್ತ್ವಜ್ಞಾನಿ ನೀಚೆ ಕೂಡ ಡೆನ್ಮಾರ್ಕಿನಿಂದ ಬರೆಯುವ ಯಂತ್ರವೊಂದನ್ನು ತರಿಸಿಕೊಂಡ.

ಕಾಣುವವರಿಗೆಂದು ಮಾರುಕಟ್ಟೆಗೆ ಬಂದ ಮೊದಲ ರೆಮಿಂಗ್ಟನ್ ಯಂತ್ರಗಳಲ್ಲೂ ಒಂದು ವಿಚಿತ್ರವಿತ್ತು. ಅಚ್ಚಿನ ಕಡ್ಡಿಗಳು ಉರುಳೆಯ ಅಡಿಗೆ ಹೋಗಿ ಬಡಿಯುತ್ತಿದ್ದವು. ತಾನು ಒತ್ತಿದ ಅಕ್ಷರ ಒತ್ತಿದವನಿಗೇ ಕಾಣುತ್ತಿರಲಿಲ್ಲ, ನೋಡಬೇಕೆಂದರೆ ಉರುಳೆಯ ಬಂಡಿಯನ್ನು ಎತ್ತಬೇಕಿತ್ತು. ಇಂಥ ಯಂತ್ರಗಳಿಗೆ ಆಮೇಲೆ ಬಿದ್ದ ಹೆಸರೇ 'ಕುರುಡು ಯಂತ್ರ'. ಒತ್ತಿದ್ದು ಒತ್ತಿದ ಕೂಡಲೆ ಕಾಣುವ ಅಂಡರ್‌ವುಡ್ ಮಾದರಿ ಬಂದದ್ದು 1890ರ ದಶಕದಲ್ಲಿ. ಅಲ್ಲಿಯ ತನಕ ಜಗತ್ತಿನ ಬಹುಪಾಲು ಟೈಪಿಸ್ಟರು ತಮ್ಮ ಬರಹವನ್ನು ತಾವು ಕಾಣದೆಯೇ ಬರೆದರು.

ಕೀಲಿಯನ್ನೂ ನೋಡಬೇಕಿಲ್ಲ ಎಂದು ಊರಿಗೆಲ್ಲ ತೋರಿಸಿದವನು ಸಾಲ್ಟ್ ಲೇಕ್ ಸಿಟಿಯ ನ್ಯಾಯಾಲಯದ ಶೀಘ್ರಲಿಪಿಕಾರ ಫ್ರ್ಯಾಂಕ್ ಮೆಕ್‌ಗರಿನ್. 1888ರ ಜುಲೈ 25ರಂದು ಸಿನ್ಸಿನಾಟಿಯಲ್ಲಿ ಅವನಿಗೂ ಲೂಯಿ ಟ್ರಾಬ್ ಎಂಬಾತನಿಗೂ ಪಂದ್ಯ ನಡೆಯಿತು. ಟ್ರಾಬ್ ಕೀಲಿ ನೋಡಿ ಹೊಡೆಯುವವನು, ಮೆಕ್‌ಗರಿನ್ ನೋಡದೆ ಹೊಡೆಯುವವನು. ನೋಡದವನು ಗೆದ್ದ. ಆಮೇಲೆ ಟೈಪಿಂಗ್ ಕಲಿಸುವ ರೀತಿಯೇ ಬದಲಾಗಿ ಹೋಯಿತು.

ಹೇಳುವ ನೆನಪು, ಮಾಡುವ ನೆನಪು

ನೋಡದೆ ಹೊಡೆಯುವ ವಿದ್ಯೆ ಮೆದುಳಿನಲ್ಲಿ ಎಲ್ಲಿ ಕೂರುತ್ತದೆ? ಇದರ ದೊಡ್ಡ ಸುಳಿವು ಸಿಕ್ಕಿದ್ದು ನೆನಪೇ ಇಲ್ಲದ ಒಬ್ಬ ಮನುಷ್ಯನಿಂದ.

ಹೆನ್ರಿ ಮೊಲೈಸನ್ ಎಂಬ ಅಮೆರಿಕದ ಯುವಕನಿಗೆ ಮೂರ್ಛೆರೋಗ ತಡೆಯಲು 1953ರಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆ ಆಯಿತು. ರೋಗದ ಕಾಟ ಇಳಿಯಿತು, ಆದರೆ ಹೊಸ ಸಂಗತಿಗಳು ನೆನಪಿನಲ್ಲಿ ನಿಲ್ಲದಾದವು. ಬೆಳಿಗ್ಗೆ ಮಾತಾಡಿಸಿದ ವೈದ್ಯರು ಮಧ್ಯಾಹ್ನ ಬಂದರೆ ಅಪರಿಚಿತರು. ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ಅವನಿಗೊಂದು ಕೆಲಸ ಕೊಟ್ಟರು. ಕೈಯನ್ನು ಕನ್ನಡಿಯಲ್ಲಷ್ಟೇ ನೋಡುತ್ತ ನಕ್ಷತ್ರದ ಗೆರೆ ತಿದ್ದಬೇಕು. ಕನ್ನಡಿಯಲ್ಲಿ ದಿಕ್ಕು ತಿರುವುಮುರುವಾಗುವುದರಿಂದ ಯಾರಿಗಾದರೂ ಮೊದಲು ಕೈ ತಡವರಿಸುತ್ತದೆ. ಮೂರು ದಿನದಲ್ಲಿ ಮೊಲೈಸನ್ ಕೈ ಚೆನ್ನಾಗಿ ಪಳಗಿತು. ಈ ಕೆಲಸ ಹಿಂದೆ ಮಾಡಿದ್ದೇನೆ ಎಂಬ ನೆನಪು ಮಾತ್ರ ಅವನಿಗೆ ಒಂದು ದಿನವೂ ಇರಲಿಲ್ಲ.

ಅಂದರೆ ನೆನಪಿನ ಪೆಟ್ಟಿಗೆ ಒಂದಲ್ಲ. ಊರು, ಹೆಸರು, ನಿನ್ನೆ ಉಂಡ ಊಟ, ಇವೆಲ್ಲ 'ಹೇಳುವ ನೆನಪು'. ಸೈಕಲ್ ತುಳಿಯುವುದು, ಹೂ ಕಟ್ಟುವುದು, ಕೀಲಿ ಕುಟ್ಟುವುದು 'ಮಾಡುವ ನೆನಪು'. ಎರಡನೆಯದಕ್ಕೆ ಮೆದುಳಿನ ಬೇರೆ ಭಾಗಗಳು ದುಡಿಯುತ್ತವೆ. ತಲೆಯ ಹಿಂದೆ ಕೆಳಗಿರುವ ಕಿರುಮೆದುಳು ಅವುಗಳಲ್ಲೊಂದು. ಬಿ ಎಲ್ಲಿದೆ ಎಂಬ ಪ್ರಶ್ನೆ ಹೇಳುವ ನೆನಪಿನ ಬಾಗಿಲು ಬಡಿಯುತ್ತದೆ. ಉತ್ತರ ಇರುವುದು ಪಕ್ಕದ ಮನೆಯಲ್ಲಿ.

ಮಾಡುವ ನೆನಪು ಕಟ್ಟಿಕೊಳ್ಳುವುದು ನಿಧಾನ, ಅವಸರ ಮಾಡಿದರೆ ಇನ್ನೂ ನಿಧಾನ. 1970ರ ದಶಕದಲ್ಲಿ ಬ್ರಿಟನ್ನಿನ ಅಂಚೆ ನೌಕರರಿಗೆ ಟೈಪಿಂಗ್ ಕಲಿಸಬೇಕಾಗಿ ಬಂದಾಗ ಅಲನ್ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಎಂಬ ಸಂಶೋಧಕರು ಆ ನೌಕರರನ್ನು ಗುಂಪುಗಳಾಗಿ ಹಂಚಿದರು. ಕೀಲಿಗಳು ಕೈಗೆ ಬರಲು ದಿನಕ್ಕೆ ಒಂದೇ ಗಂಟೆ ಕಲಿತವರಿಗೆ ಒಟ್ಟು ಸುಮಾರು 35 ಗಂಟೆ ಸಾಕಾಯಿತು. ಎರಡು ಗಂಟೆಯ ಎರಡು ಪಾಳಿಯಂತೆ ದಿನಕ್ಕೆ ನಾಲ್ಕು ಗಂಟೆ ಕೂತವರಿಗೆ ಸುಮಾರು 50 ಗಂಟೆ ಬೇಕಾಯಿತು. ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟುಗಳು ಒಂದೊಂದು ಗಂಟೆಯ ಬ್ಯಾಚು ಮಾಡಿದ್ದು ಯಂತ್ರಗಳ ಕೊರತೆಯಿಂದಲೇ ಇರಬಹುದು, ಮೆದುಳಿಗೂ ಅದೇ ಲೆಕ್ಕ ಒಗ್ಗುತ್ತದೆ.

ಹೊಸ್ತಿಲು ಎಲ್ಲಿದೆ?

ಮಳೆಗಾಲದ ರಾತ್ರಿ ಕರೆಂಟು ಹೋದಾಗ ಮಲೆನಾಡಿನ ಯಾವ ಮನೆಯಲ್ಲೂ ಬೆಂಕಿಪೊಟ್ಟಣ ಸಿಗದೆ ಉಳಿಯುವುದಿಲ್ಲ. ಅಡುಗೆಮನೆಯ ಬಾಗಿಲ ಚೌಕಟ್ಟು ಕೈಗೆ ತಗುಲಿದರೆ ಸಾಕು. ಅಲ್ಲಿಂದ ಎರಡು ಹೆಜ್ಜೆ, ಬಲಕ್ಕೆ ಗೂಡು, ಗೂಡಿನ ಮೂಲೆಯಲ್ಲಿ ಪೊಟ್ಟಣ. ಕತ್ತಲಲ್ಲಿ ಬೇಕಾದದ್ದು ಇಡೀ ಮನೆಯ ನೋಟವಲ್ಲ, ಅಳತೆ ಶುರುವಾಗುವ ಒಂದು ಗುರುತು.

ಕೀಲಿಮಣೆಗೂ ಇಂಥ ಚೌಕಟ್ಟು ಇದೆ. ಎಫ್ ಮತ್ತು ಜೆ ಕೀಲಿಗಳ ಮೇಲೆ ಬೆರಳಾಡಿಸಿದರೆ ಒಂದು ಸಣ್ಣ ಉಬ್ಬುಗೆರೆ ತಗಲುತ್ತದೆ. ಎಡ ತೋರುಬೆರಳು ಎಫ್ ಮೇಲೆ, ಬಲ ತೋರುಬೆರಳು ಜೆ ಮೇಲೆ ಕೂತರೆ ಉಳಿದ ಬೆರಳುಗಳು ಅಕ್ಕಪಕ್ಕದ ಕೀಲಿಗಳ ಮೇಲೆ ಸಾಲಾಗಿ ಕೂರುತ್ತವೆ. ಇದು ಬೆರಳುಗಳ 'ಮನೆಸಾಲು'. ಪ್ರತಿ ಬೆರಳೂ ಇಲ್ಲಿಂದ ಹೊರಟು ಇಲ್ಲಿಗೇ ಮರಳುತ್ತದೆ. ಇನ್‌ಸ್ಟಿಟ್ಯೂಟಿನ ಮೊದಲ ದಿನದ ಪಾಠ 'ಎ ಎಸ್ ಡಿ ಎಫ್ ಜಿ ಎಫ್' ಹಾಳೆಗಟ್ಟಲೆ ಕುಟ್ಟಿಸುವುದು ಈ ಮನೆಯನ್ನು ಬೆರಳಿಗೆ ಪರಿಚಯಿಸಲಿಕ್ಕೆ.

ಉಬ್ಬುಗೆರೆ ಗುರುತಾಯಿತು. ಅಲ್ಲಿಂದ ಹೊರಟ ಬೆರಳು ಎಷ್ಟು ದೂರ ಬಂದಿದ್ದೇನೆಂದು ತಿಳಿಯುವುದು ಹೇಗೆ? ಸ್ನಾಯುಗಳ ಒಳಗೆ ಅವು ಎಷ್ಟು ಹಿಗ್ಗಿವೆ ಎಂದು ಅಳೆಯುವ ಸಣ್ಣ ಸಣ್ಣ ಎಳೆಗಳಿವೆ. ಕೀಲು, ಸ್ನಾಯುರಜ್ಜುಗಳಲ್ಲೂ ಇಂಥ ಕಾವಲುಗಾರರಿದ್ದಾರೆ. ಇವರ ವರದಿ ಕ್ಷಣ ಬಿಡದೆ ಮೆದುಳಿಗೆ ಹೋಗುತ್ತಿರುತ್ತದೆ. ಕಣ್ಣು ಮುಚ್ಚಿ ಮೂಗು ಮುಟ್ಟಿಕೊಳ್ಳಲು ಆಗುವುದು ಇದರಿಂದಲೇ. ವಿಜ್ಞಾನಿಗಳು ಪ್ರೊಪ್ರಿಯೊಸೆಪ್ಶನ್ ಎನ್ನುವ ಇದನ್ನು ಸುಮ್ಮನೆ 'ಮೈಯರಿವು' ಎನ್ನಬಹುದು.

ಮೈಯರಿವಿನ ಬೆಲೆ ಅದನ್ನು ಕಳೆದುಕೊಂಡವನಿಂದ ತಿಳಿಯುತ್ತದೆ. 1971ರಲ್ಲಿ ಇಂಗ್ಲೆಂಡಿನ ಹತ್ತೊಂಬತ್ತರ ತರುಣ ಇಯಾನ್ ವಾಟರ್‌ಮನ್‌ಗೆ ಜ್ವರ ಬಂದು, ಕತ್ತಿನಿಂದ ಕೆಳಗೆ ಸ್ಪರ್ಶವೂ ಮೈಯರಿವೂ ಹೊರಟುಹೋದವು. ಸ್ನಾಯುಗಳಲ್ಲಿ ಬಲವಿತ್ತು. ಕೈ ಎಲ್ಲಿದೆ ಎಂದು ನೋಡದೆ ತಿಳಿಯುತ್ತಿರಲಿಲ್ಲ. ವರ್ಷಗಟ್ಟಲೆ ಹೆಣಗಿ, ಒಂದೊಂದು ಚಲನೆಯನ್ನೂ ಕಣ್ಣಿನಿಂದ ಕಾದು ನಡೆಯಲು ಕಲಿತ. ದೀಪ ಆರಿದರೆ ಕುಸಿದುಬೀಳುತ್ತಿದ್ದ. ಒಳ್ಳೆಯ ಕಣ್ಣಿದ್ದೂ ಕತ್ತಲಲ್ಲಿ ಅವನ ಕೈ ಅವನದಾಗಿರಲಿಲ್ಲ. ಕಾಗದನಗರದ ಹುಡುಗಿಯ ಸ್ಥಿತಿ ಇದಕ್ಕೆ ಸರಿಯಾಗಿ ಎದುರು. ಅವಳ ನೋಟ ಕಿರಿದಾಗಿದೆ, ಮೈಯರಿವು ಪೂರ್ತಿ ಇದೆ. ಕೀಲಿಯಿಂದ ಕೀಲಿಗೆ ಹೋಗಲು ಬೇಕಾದದ್ದು ಅವಳಲ್ಲಿರುವ ಸೊತ್ತೇ.

ಮೇಸ್ತ್ರಿ ಮತ್ತು ಗಾರೆಯವರು

ನಿಮಿಷಕ್ಕೆ 60 ಪದದ ವೇಗವೆಂದರೆ ಸೆಕೆಂಡಿಗೆ ಐದು ತಟ್ಟು. ಒಂದು ತಟ್ಟಿಗೆ ಸಿಗುವುದು ಸೆಕೆಂಡಿನ ಐದನೇ ಒಂದು ಪಾಲು. ಕಣ್ಣಿಗೆ ಕಂಡದ್ದಕ್ಕೆ ಕೈ ಪ್ರತಿಕ್ರಿಯೆ ತೋರಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ. ಪ್ರತಿ ಕೀಲಿಯನ್ನೂ ನೋಡಿ, ತೀರ್ಮಾನಿಸಿ, ಒತ್ತಿ, ಸರಿಯಾಯಿತೇ ಎಂದು ಮತ್ತೆ ನೋಡುವುದಾದರೆ ಈ ವೇಗ ದಕ್ಕುವುದೇ ಇಲ್ಲ. 1951ರಷ್ಟು ಹಿಂದೆಯೇ ಮನಶ್ಶಾಸ್ತ್ರಜ್ಞ ಕಾರ್ಲ್ ಲ್ಯಾಶ್ಲಿ ವಾದ್ಯ ನುಡಿಸುವವರ ಬೆರಳು ತೋರಿಸಿ ಹೇಳಿದ ಮಾತು ಇದು: ಇಷ್ಟು ವೇಗದ ಚಲನೆಗಳು ಒಂದಾದ ಮೇಲೊಂದು ಕೇಳಿ ಹೊರಡುವುದಿಲ್ಲ, ಮೊದಲೇ ಗೊಂಚಲಾಗಿ ಸಜ್ಜಾಗಿರುತ್ತವೆ. ಟೈಪಿಸ್ಟರ ಕೈಗಳನ್ನು ಚಿತ್ರೀಕರಿಸಿದಾಗಲೂ ಒಂದು ಬೆರಳು ಕೀಲಿ ಮುಟ್ಟುವ ಮೊದಲೇ ಮುಂದಿನ ಅಕ್ಷರದ ಬೆರಳು ಹೊರಟಿರುವುದು ಕಾಣುತ್ತದೆ.

ಈ ಗೊಂಚಲನ್ನು ಯಾರು ಕಟ್ಟುತ್ತಾರೆ, ಯಾರು ಬಿಡಿಸುತ್ತಾರೆ? ಮನೆ ಕಟ್ಟುವ ಜಾಗದಲ್ಲಿ ಮೇಸ್ತ್ರಿ "ಈ ಗೋಡೆ ಎಬ್ಬಿಸಪ್ಪ" ಎನ್ನುತ್ತಾನೆ. ಇಟ್ಟಿಗೆ ಹೇಗೆ ಹಿಡಿಯಬೇಕು, ಗಾರೆ ಎಷ್ಟು ಮೆತ್ತಬೇಕು ಎಂದು ಅವನು ಹೇಳುವುದಿಲ್ಲ, ಅದು ಗಾರೆಯವರ ಕೆಲಸ. ಲೋಗನ್ ಮತ್ತು ಮ್ಯಾಥ್ಯೂ ಕ್ರಂಪ್ ಅವರ ಪ್ರಕಾರ ಟೈಪಿಂಗ್ ನಡೆಯುವುದೂ ಹೀಗೆಯೇ, ಎರಡು ಸುತ್ತಿನಲ್ಲಿ. ಮೇಲಿನದು 'ಹೊರಸುತ್ತು'. ಯಾವ ಪದ ಬೇಕು ಎಂದು ಹೇಳುವುದು, ಮೂಡಿದ್ದು ಸರಿಯೇ ಎಂದು ನೋಡುವುದು ಅದರ ಕೆಲಸ. ಕೆಳಗಿನದು 'ಒಳಸುತ್ತು'. ಪದವನ್ನು ತಟ್ಟುಗಳಾಗಿ ಬಿಡಿಸಿ ಬೆರಳಿಗೆ ಹಂಚುವುದು, ಬೆರಳು ತಪ್ಪಿದರೆ ಸ್ಪರ್ಶದಿಂದಲೇ ಹಿಡಿಯುವುದು ಅದರ ಕೆಲಸ. ಒಬ್ಬರ ಕೆಲಸದ ವಿವರ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

ಮೇಸ್ತ್ರಿ ಒಂದೊಂದು ಇಟ್ಟಿಗೆಗೂ ಬಾಯಿ ಹಾಕಿದರೆ? 2009ರಲ್ಲಿ ಲೋಗನ್ ಮತ್ತು ಕ್ರಂಪ್ ನುರಿತ ಟೈಪಿಸ್ಟರಿಗೆ, ಪದಗಳಲ್ಲಿ ಒಂದು ಕೈಗೆ ಸೇರಿದ ಅಕ್ಷರಗಳನ್ನಷ್ಟೇ ಒತ್ತಿ ಎಂದರು. ಯಾವ ಅಕ್ಷರಕ್ಕೆ ಯಾವ ಕೈ ಎಂದು ಯೋಚಿಸಬೇಕಾಗಿ ಬಂದ ಕೂಡಲೆ ವೇಗ ಕುಸಿಯಿತು, ತಪ್ಪು ಹೆಚ್ಚಿತು.

ಮರುವರ್ಷದ ಪ್ರಯೋಗ ಇನ್ನೂ ಚೇಷ್ಟೆಯದು. ಟೈಪಿಸ್ಟರು ಸರಿಯಾಗಿ ಒತ್ತಿದ್ದನ್ನು ಕಂಪ್ಯೂಟರ್ ಕದ್ದು ತೆರೆಯ ಮೇಲೆ ತಪ್ಪಾಗಿ ತೋರಿಸಿತು. ಕೆಲವೊಮ್ಮೆ ಅವರ ತಪ್ಪನ್ನು ಸದ್ದಿಲ್ಲದೆ ತಿದ್ದಿತು. ಕೇಳಿದರೆ ಟೈಪಿಸ್ಟರು ತೆರೆಯನ್ನೇ ನಂಬಿದರು. ಮಾಡದ ತಪ್ಪನ್ನು ಒಪ್ಪಿಕೊಂಡರು, ಮಾಡಿದ ತಪ್ಪನ್ನು ಮಾಡಿಲ್ಲ ಎಂದರು. ಬೆರಳು ಮಾತ್ರ ಮೋಸಹೋಗಲಿಲ್ಲ. ನಿಜವಾಗಿ ತಪ್ಪಿದ ಕೀಲಿಯ ನಂತರದ ತಟ್ಟು ಒಂದು ಚೂರು ತಡವಾಗಿ ಬಿತ್ತು. ಕಂಪ್ಯೂಟರ್ ಸೇರಿಸಿದ ಸುಳ್ಳು ತಪ್ಪಿನ ನಂತರ ಹಾಗಾಗಲಿಲ್ಲ. ಕಣ್ಣು ತೆರೆಯನ್ನು ನಂಬಿತು, ಕೈ ತನ್ನನ್ನು ನಂಬಿತು.

ಮೊದಲ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ. ನುರಿತವರ ಬೆರಳಿಗೂ ಕಣ್ಣಿಗೂ ನೇರ ವ್ಯವಹಾರವೇ ಇಲ್ಲ. ಒಳಸುತ್ತು ಸ್ಪರ್ಶ ಮತ್ತು ಮೈಯರಿವಿನಿಂದ ನಡೆಯುತ್ತದೆ. ಕಣ್ಣು ಬೇಕಾಗುವುದು ಹೊರಸುತ್ತಿಗೆ, ಅದೂ ಫಲವನ್ನು ನೋಡಲು. ಹಾಗಾದರೆ ಕಾಣದವರ ಟೈಪಿಂಗಿನಲ್ಲಿ ಬೆರಳು ಪಳಗಿಸುವ ಭಾಗ ಎಲ್ಲರದರಂತೆಯೇ. ಬೇರೆ ಏರ್ಪಾಡು ಬೇಕಾದದ್ದು ಮೇಸ್ತ್ರಿಗೆ.

ಮೇಸ್ತ್ರಿಗೆ ಕಿವಿ

ಏರ್ಪಾಡು ಏನೆಂದು ಶಿವಮೊಗ್ಗದವರಿಗೆ ಹೇಳುವುದು ಸುಲಭ. ಈ ಜಿಲ್ಲೆಯ ಶೇಖರ್ ನಾಯ್ಕ್, ಶಿವಮೊಗ್ಗದ ಶಾರದಾದೇವಿ ಅಂಧರ ಶಾಲೆಯಲ್ಲಿ ಓದಿದವರು. ಅವರ ನಾಯಕತ್ವದಲ್ಲಿ ಭಾರತ 2012ರಲ್ಲಿ ಬೆಂಗಳೂರಿನಲ್ಲಿ ಅಂಧರ ಟಿ-20 ವಿಶ್ವಕಪ್ ಗೆದ್ದಿತು, 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರು ಆಡಿದ ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು, ಒಳಗೆ ಲೋಹದ ಗುಂಡುಗಳು. ಉರುಳಿದರೆ ಗಲಗಲ ಸದ್ದು. ಬ್ಯಾಟು ಬೀಸುವ ತೋಳಿನ ವಿದ್ಯೆ ಅದೇ, ಚೆಂಡು ಎಲ್ಲಿದೆಯೆಂಬ ಸುದ್ದಿ ಮಾತ್ರ ಕಿವಿಯ ದಾರಿಯಲ್ಲಿ ಬರುತ್ತದೆ.

ಕೀಲಿಮಣೆಯಲ್ಲಿ ಆ ಗಲಗಲ ಸದ್ದಿನ ಕೆಲಸ ಮಾಡುವುದು ಸ್ಕ್ರೀನ್ ರೀಡರ್, ತೆರೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ. ಅಪಘಾತದಲ್ಲಿ ಕಣ್ಣು ಕಳೆದುಕೊಂಡ ಅಮೆರಿಕದ ಟೆಡ್ ಹೆಂಟರ್ 1980ರ ದಶಕದ ಕೊನೆಗೆ ಜಾಸ್ ಎಂಬುದನ್ನು ತಂದರು. ಅದು ದುಬಾರಿ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರುಮಾಡಿ, ಜೇಮ್ಸ್ ಟೆಹ್ ಕೈಜೋಡಿಸಿದ ಎನ್‌ವಿಡಿಎ ಉಚಿತ. ಇಬ್ಬರಿಗೂ ಕಣ್ಣು ಕಾಣದು. ಅದರ ಜೊತೆ ಬರುವ ಇ-ಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ, ಉಚ್ಚಾರ ಯಂತ್ರದ್ದಾದರೂ ಅರ್ಥವಾಗುತ್ತದೆ.

ಕಾಗದನಗರದ ಹುಡುಗಿ ಮೊದಲ ವಾರ ಇನ್ಸರ್ಟ್ ಕೀಲಿ ಹಿಡಿದು 1 ಒತ್ತುತ್ತಾಳೆ. ಆಮೇಲೆ ಯಾವ ಕೀಲಿ ಮುಟ್ಟಿದರೂ ಅದರ ಹೆಸರಷ್ಟೇ ಕೇಳಿಸುತ್ತದೆ, ಏನೂ ಕೆಡುವುದಿಲ್ಲ. ಹೊಸ ಮನೆಯಲ್ಲಿ ಗೋಡೆ ತಡವಿ ಓಡಾಡಿದ ಹಾಗೆ ಇದು. ಆಮೇಲೆ ಇನ್ಸರ್ಟ್ ಜೊತೆ 2. ಒತ್ತಿದ ಪ್ರತಿ ಅಕ್ಷರವನ್ನೂ ದನಿ ಹೇಳುತ್ತದೆ. ಕಲಿಯುವಾಗ ಇದು ಬೇಕು. ಆದರೆ ವೇಗ ಬಂದಂತೆ ತೊಡಕಾಗುತ್ತದೆ, ಒಂದು ಅಕ್ಷರದ ಹೆಸರು ಮುಗಿಯುವ ಮೊದಲೇ ಮುಂದಿನ ತಟ್ಟು ಬಿದ್ದು ದನಿ ತುಂಡಾಗುತ್ತದೆ. ಆಗ 2 ಆರಿಸಿ 3ಕ್ಕೆ ಹೋಗಬೇಕು. ದನಿ ಈಗ ಅಕ್ಷರ ಬಿಟ್ಟು, ಪದ ಮುಗಿದಾಗ ಪದ ಹೇಳುತ್ತದೆ. ಕಲಿಸುವವರು ಅನುಭವದಿಂದ ಹೇಳುವ ಈ ಬದಲಾವಣೆ ಲೋಗನ್ನರ ಚಿತ್ರಕ್ಕೆ ಸರಿಹೊಂದುತ್ತದೆ. ಇಟ್ಟಿಗೆಯ ಲೆಕ್ಕ ಗಾರೆಯವರಿಗೆ ಬಿಟ್ಟು, ಮೇಸ್ತ್ರಿ ಗೋಡೆ ನೋಡಲು ನಿಲ್ಲುತ್ತಾನೆ.

ಕಿವಿ ಕಣ್ಣಿಗಿಂತ ನಿಧಾನವಲ್ಲವೇ ಎಂಬ ಅನುಮಾನ ಸಹಜ. ಜರ್ಮನಿಯ ಟ್ಯೂಬಿಂಗೆನ್ನಿನ ಸಂಶೋಧಕರು ಅಳೆದಿರುವಂತೆ, ಸಾಮಾನ್ಯರು ಸೆಕೆಂಡಿಗೆ ಎಂಟು ಉಚ್ಚಾರಾಂಶಗಳಷ್ಟು ವೇಗದ ಮಾತನ್ನು ಹಿಡಿಯಬಲ್ಲರು. ಅಭ್ಯಾಸವಾದ ಅಂಧ ಕೇಳುಗರು 22ರವರೆಗೂ ಹೋಗುತ್ತಾರೆ. ಪಕ್ಕದಲ್ಲಿ ಕೂತವರಿಗೆ ಅದು ಜೀರುಂಡೆಯ ಸದ್ದು.

ಕಣ್ಣೂ ಇಲ್ಲದೆ ಕಿವಿಯೂ ಇಲ್ಲದೆ ಟೈಪ್ ಮಾಡಿದವರೂ ಇದ್ದಾರೆ. ಹೆಲೆನ್ ಕೆಲರ್ ಕಾಲೇಜಿನ ಪ್ರವೇಶ ಪರೀಕ್ಷೆಗಳನ್ನು ಬೆರಳಚ್ಚು ಯಂತ್ರದಲ್ಲಿ ಬರೆದರು. ಅವರ ಒಳಸುತ್ತು ಬೇರೆ ಯಾರಿಗೂ ಕಡಿಮೆಯಿರಲಿಲ್ಲ. ಬರೆದದ್ದನ್ನು ಮರುಓದುವುದೇ ಕಷ್ಟವಾಗಿತ್ತು, ಅದಕ್ಕೆ ಇನ್ನೊಬ್ಬರು ಓದಿ ಅಂಗೈ ಮೇಲೆ ಬೆರಳಿನಿಂದ ಹೇಳಬೇಕಿತ್ತು.

ಅರೆಗಣ್ಣಿನ ಸೆಳೆತ

ಅಂಧರ ಕ್ರಿಕೆಟ್ ತಂಡದಲ್ಲಿ ಹನ್ನೊಂದೂ ಜನ ಪೂರ್ತಿ ಕಾಣದವರಲ್ಲ. ಬಿ1, ಬಿ2, ಬಿ3 ಎಂದು ಮೂರು ದರ್ಜೆ. ಕನಿಷ್ಠ ನಾಲ್ವರು ಪೂರ್ತಿ ಕಾಣದವರು, ಉಳಿದವರಿಗೆ ಅಷ್ಟೋ ಇಷ್ಟೋ ನೋಟ ಇರುತ್ತದೆ. ದೃಷ್ಟಿದೋಷವೆಂದರೆ ಕತ್ತಲೆ ಎಂದೇ ತಿಳಿಯುವವರು ಈ ನಡುವಿನ ಜನರನ್ನು ಮರೆಯುತ್ತಾರೆ. ಕೆಲವರಿಗೆ ನೋಟದ ನಡುಭಾಗ ಮಸುಕು, ಕೆಲವರಿಗೆ ಕೊಳವೆಯಲ್ಲಿ ನೋಡಿದಂತೆ ನಡುಭಾಗ ಮಾತ್ರ.

ಟೈಪಿಂಗ್ ಮಟ್ಟಿಗೆ ಹೆಚ್ಚು ಒದ್ದಾಡುವುದು ಈ ನಡುವಿನವರೇ. ಏನೂ ಕಾಣದವರಿಗೆ ಕೀಲಿ ನೋಡುವ ಆಸೆಯಿಲ್ಲ. ಅರೆಬರೆ ಕಾಣುವವರು ಮೂಗು ಕೀಲಿಗೆ ತಾಗುವಂತೆ ಬಗ್ಗಿ ಒಂದು ಅಕ್ಷರ ಹುಡುಕುತ್ತಾರೆ, ಎದ್ದು ತೆರೆಗೆ ಮುಖ ತಾಗಿಸುತ್ತಾರೆ, ಮತ್ತೆ ಬಗ್ಗುತ್ತಾರೆ. ತೆರೆಯನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಒಮ್ಮೆಗೆ ಕಾಣುವುದು ಪುಟದ ಹದಿನಾರನೇ ಒಂದು ಭಾಗ. ಆ ತುಣುಕು ಎಲ್ಲಿತ್ತೆಂದು ಪ್ರತಿ ಸಲ ಹುಡುಕಬೇಕು. ಸಂಜೆಗೆ ಕುತ್ತಿಗೆ ಹಿಡಿಯುತ್ತದೆ, ಕಣ್ಣುರಿಯುತ್ತದೆ, ಪುಟ ಅರ್ಧಕ್ಕೇ ನಿಂತಿರುತ್ತದೆ.

ಆಯಾಸಕ್ಕಿಂತ ದೊಡ್ಡ ನಷ್ಟ ಇನ್ನೊಂದು. ದಿನಾ ಅಣ್ಣನ ಬೈಕಿನ ಹಿಂದೆ ಕೂತು ಶಾಲೆಗೆ ಹೋಗುವ ಮಗುವಿಗೆ ವರ್ಷ ಕಳೆದರೂ ದಾರಿ ಗೊತ್ತಾಗುವುದಿಲ್ಲ. ಒಂದೇ ವಾರ ನಡೆದರೆ ಗೊತ್ತಾಗುತ್ತದೆ. ಕಲಿಕೆಯ ವಿಜ್ಞಾನದಲ್ಲಿ ಇದು ಹಳೆಯ ಮಾತು: ಪ್ರತಿ ಹೆಜ್ಜೆಗೂ ಹೊರಗಿನ ಆಸರೆ ಇದ್ದರೆ ಮೈ ತನ್ನದೇ ಸುಳಿವುಗಳನ್ನು ಕೇಳಿಸಿಕೊಳ್ಳುವುದಿಲ್ಲ. ಕೀಲಿಯ ಮೇಲೆ ದಪ್ಪಕ್ಷರದ ಸ್ಟಿಕ್ಕರ್ ಅಂಟಿಸುವುದು ಎರಡು ದಿನಕ್ಕೆ ಒಳ್ಳೆಯದು. ಎರಡು ತಿಂಗಳಾದರೂ ಅದು ಅಲ್ಲೇ ಇದ್ದರೆ ಬೆರಳು ಇನ್ನೂ ಬೈಕಿನ ಹಿಂದೆಯೇ ಕೂತಿದೆ.

ಆದ್ದರಿಂದ ಹುಡುಗಿಯ ಕೈಗಳ ಮೇಲೆ ಒಂದು ಟವೆಲ್ಲು ಹೊದಿಸಬೇಕು. ಕಾಣುವ ಮಕ್ಕಳಿಗೂ ಮಾಡುವ ಉಪಾಯವೇ ಇದು. ಉಳಿದಿರುವ ನೋಟ ವ್ಯರ್ಥವಾಗುವುದಿಲ್ಲ. ಕೀಲಿಯ ಮೇಲೆ ಖರ್ಚಾಗುತ್ತಿದ್ದದ್ದು ಓದಿಗೆ ಉಳಿಯುತ್ತದೆ.

ಎಫ್ ಎಂದರೆ ಒತ್ತು

ಕನ್ನಡಕ್ಕೆ ಬಂದರೆ ಈ ವಿದ್ಯೆಗೆ ಒಂದು ಅದೃಷ್ಟ, ಒಂದು ತೊಡಕು.

ಅದೃಷ್ಟ ಕೆ.ಪಿ. ರಾವ್ ಅವರಿಂದ ಬಂದದ್ದು. ಅವರು ರೂಪಿಸಿದ, ಸರ್ಕಾರ ಒಪ್ಪಿದ, ನುಡಿ ತಂತ್ರಾಂಶದಿಂದ ಮನೆಮಾತಾದ ವಿನ್ಯಾಸದಲ್ಲಿ ಅಕ್ಷರಗಳು ಸದ್ದಿನ ಜಾಡು ಹಿಡಿದು ಕೂತಿವೆ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ದ ಮತ್ತು ಧ, ಬ ಮತ್ತು ಭ, ಲ ಮತ್ತು ಳ, ಹೀಗೆ ಜೋಡಿಗಳು. ಟ ಕ್ಯೂದಲ್ಲಿ, ಡ ಡಬ್ಲ್ಯೂದಲ್ಲಿ ಇರುವಂಥ ಕೆಲವನ್ನು ಬೇರೆಯಾಗಿ ಕಲಿಯಬೇಕು. ಹಳೆಯ ಕನ್ನಡ ಬೆರಳಚ್ಚು ಯಂತ್ರದಲ್ಲಿ ಒತ್ತಬೇಕಾದದ್ದು ಅಕ್ಷರದ ಆಕಾರದ ತುಣುಕುಗಳನ್ನು. 'ಸೂರ್ಯ'ದಲ್ಲಿ ಅರ್ಕಾವತ್ತು ಕಣ್ಣಿಗೆ ಯ ಆದಮೇಲೆ ಕಾಣುತ್ತದೆ, ಹಾಗಾಗಿ ಕೈಯೂ ಅದೇ ಕ್ರಮ ಹಿಡಿಯಬೇಕಿತ್ತು. ಕಂಪ್ಯೂಟರಿನಲ್ಲಿ ಬಾಯಿ ಹೇಳುವ ಕ್ರಮ ಸಾಕು: ಸ, ಊ, ರ, ಒತ್ತಿನ ಕೀಲಿ, ಯ. ಲಿಪಿಯ ಆಕಾರವನ್ನು ಎಂದೂ ನೋಡದವರಿಗೂ ಇದು ಸಲೀಸು.

ಆ ಒತ್ತಿನ ಕೀಲಿ ಇರುವುದು ಎಫ್‌ನಲ್ಲಿ, ಉಬ್ಬುಗೆರೆಯ ಕೀಲಿಯಲ್ಲಿ. ಕನ್ನಡದ ಒತ್ತಕ್ಷರಗಳನ್ನೆಲ್ಲ ಬೆಸೆಯುವ ಕೊಂಡಿ ಎಡ ತೋರುಬೆರಳಿನ ಹೊಸ್ತಿಲಿನಲ್ಲೇ ಸಿಗುತ್ತದೆ.

ತೊಡಕು ಬ್ರೈಲ್ ಕಲಿತು ಬಂದವರಿಗೆ. ಸ್ಲೇಟು, ಮೊಳೆ ಹಿಡಿದು ಬ್ರೈಲ್ ಬರೆಯುವಾಗ ಹಾಳೆಯ ಹಿಂಬದಿಯಿಂದ, ಬಲದಿಂದ ಎಡಕ್ಕೆ ಚುಚ್ಚಬೇಕು. ಅದಲ್ಲದೆ ಭಾರತಿ ಬ್ರೈಲ್‌ನಲ್ಲಿ ಸ್ವರ ಕಳಚುವ ಗುರುತು ವ್ಯಂಜನಕ್ಕಿಂತ ಮೊದಲು ಬರುತ್ತದೆ. 'ಕ್ಕ' ಎಂದರೆ ಬ್ರೈಲ್‌ನಲ್ಲಿ ಗುರುತು, ಕ, ಕ. ಕೀಲಿಮಣೆಯಲ್ಲಿ ಕ, ಗುರುತು, ಕ. ಒಂದು ವಿದ್ಯೆಯಲ್ಲಿ ಪಳಗಿದ ಬೆರಳು ಇನ್ನೊಂದರಲ್ಲಿ ಎಡವುವುದು ಇಂಥ ಕಡೆ. ದಡ್ಡತನ ಎಂದು ಗದರುವ ಬದಲು ಒತ್ತಕ್ಷರದ ಪದಗಳನ್ನೇ ಒಂದು ವಾರ ಬೇರೆಯಾಗಿ ಕುಟ್ಟಿಸಿದರೆ ಹೊಸ ಗೊಂಚಲು ಕಟ್ಟಿಕೊಳ್ಳುತ್ತದೆ.

ಕಿವಿಯ ಮಿತಿಯನ್ನೂ ತಿಳಿದಿರಬೇಕು. 'ವಿಷ' ಎಂದು ಹೊಡೆಯುವಲ್ಲಿ 'ವಿಶ' ಎಂದು ಹೊಡೆದರೆ ದನಿಯಲ್ಲಿ ವ್ಯತ್ಯಾಸ ಸುಲಭವಾಗಿ ತಿಳಿಯುವುದಿಲ್ಲ. ಇಂಥ ಕಡೆ ಬಾಣದ ಕೀಲಿಯಿಂದ ಒಂದೊಂದೇ ಅಕ್ಷರ ಓದಿಸಿ ನೋಡಬೇಕಾಗುತ್ತದೆ. ಬರೆದಾದ ಮೇಲೆ ಒಮ್ಮೆ ತಿದ್ದಲು ಕೂರುವುದು ಬೇರೆಯದೇ ಕೆಲಸವೆಂದು ಹುಡುಗಿ ಬೇಗ ಕಲಿಯುತ್ತಾಳೆ.

ಮೂರು ಊರು

ಕೆಲವು ತಿಂಗಳಾದ ಮೇಲೆ ಅವಳ ಅಭ್ಯಾಸದ ಪದಗಳಲ್ಲಿ ತನ್ನ ಊರುಗಳೇ ಇವೆ ಎಂದುಕೊಳ್ಳಬಹುದು. 'ಕಾಗದನಗರ' ಏಳು ತಟ್ಟಿನ ಹೆಸರು, ಒತ್ತಕ್ಷರವಿಲ್ಲ. ಕ ಬಲ ನಡುಬೆರಳಿಗೆ, ದೀರ್ಘ ಎಡ ಕಿರುಬೆರಳಿಗೆ, ನ ಬಲ ತೋರುಬೆರಳಿಗೆ. ಎರಡು ಗ, ಒಂದು ರ ಎಡ ತೋರುಬೆರಳಿನವು, ದ ಅದರ ನೆರೆಯವನದು. 'ಭದ್ರಾವತಿ' ಎಂಟು ತಟ್ಟು. ಅದರಲ್ಲಿ ಭ, ಒತ್ತು, ರ, ವ, ತ ಐದೂ ಎಡ ತೋರುಬೆರಳಿನ ಪಾಲು. ಬಲಗೈ ಶಿಫ್ಟ್ ಹಿಡಿದುಕೊಂಡು, ಕೊನೆಯ ಇಕಾರಕ್ಕೆ ಕಾಯುತ್ತಿರುತ್ತದೆ.

'ಶಿವಮೊಗ್ಗ'ದ ಮೊದಲ ಐದು ತಟ್ಟು ಎಡಗೈ, ಬಲಗೈ ನಡುವೆ ಹಂಚಿಹೋಗಿ ಚಕಚಕ ಬೀಳುತ್ತವೆ. ಆಮೇಲೆ ಗ, ಒತ್ತು, ಗ. ಮೂರೂ ಒಂದೇ ಬೆರಳಿಗೆ. ಒಂದು ಬೆರಳು ಎದ್ದು, ಸರಿದು, ಮತ್ತೆ ಬೀಳಬೇಕಾದಾಗ ಯಾರ ಕೈಯಲ್ಲಾದರೂ ವೇಗ ಇಳಿಯುತ್ತದೆ. ಟವೆಲ್ಲಿನ ಕೆಳಗಿನ ಆ ಸದ್ದಿನಲ್ಲೇ ಅದು ಕೇಳಿಸುತ್ತದೆ, ಐದು ಹಗುರ ತಟ್ಟು, ಮೂರು ಭಾರದ ತಟ್ಟು. ಹೆಬ್ಬೆರಳು ಸ್ಪೇಸ್ ಒತ್ತುತ್ತದೆ. ದನಿ ಊರಿನ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅವಳ ಬೆರಳು ಮುಂದಿನ ಪದದಲ್ಲಿರುತ್ತದೆ.